ಪೇಟೆ ಮನೆಯ ಪ್ರಸಾದ

ಕುಮಟೆಯ ಪೇಟೆಯಲ್ಲಿ ಒಬ್ಬರಿಗೆ ಒಂದು ಹೆಸರು ಅಂಟಿಕೊಂಡಿತೆಂದರೆ ಮುಗಿಯಿತು, ಸತ್ತ ಮೇಲೂ ಅದು ಬಿಡುವುದಿಲ್ಲ. ಅಜ್ಜ ಯಾವ ಕಾಲದಲ್ಲೋ ಕಾಲೆಳೆದು ನಡೆಯುತ್ತಿದ್ದ ಎಂಬ ಒಂದೇ ಕಾರಣಕ್ಕೆ, ಮೊಮ್ಮಗ ನೆಟ್ಟಗೆ ಓಡಾಡುತ್ತಿದ್ದರೂ ಅವನ ಅಂಗಡಿ ಕುಂಟನ ಅಂಗಡಿಯೇ. ಆದ್ದರಿಂದ ದೊಡ್ಡಾಸ್ಪತ್ರೆಯ ಕಣ್ಣಿನ ಡಾಕ್ಟರು ನಮ್ಮ ಮನೆಯವರ ಕಣ್ಣಿಗೆ ಬಂದದ್ದನ್ನು ವಿವರಿಸಿ ಹೇಳಿ ಕಳಿಸಿದ ಮೇಲೆ, ಹೊರಗೆ ಬೆಂಚಿನ ಮೇಲೆ ಕೂತು ಇವರು ಆಡಿದ ಮೊದಲ ಮಾತು ಕಣ್ಣಿನ ಬಗ್ಗೆ ಆಗಿರಲಿಲ್ಲ.

"ಪೇಟೇಲಿ ಯಾರಿಗೂ ಗೊತ್ತಾಗೂದು ಬೇಡ. ನಾಳೆ ಕುರುಡನ ಅಂಗಡಿ ಅಂತ್ರು."

ಇವರದು ಮೀನು ಮಾರ್ಕೆಟ್ಟಿನ ಹತ್ತಿರ ಬಲೆ, ಹಗ್ಗ, ದಾರದ ಅಂಗಡಿ. ದೋಣಿಯವರು ಬಂದು ಇಂಥ ದಾರ ಬೇಕು ಎಂದರೆ ಇವರು ನೋಡುವುದೇ ಇಲ್ಲ, ಎರಡು ಬೆರಳಿನ ನಡುವೆ ಹಿಡಿದು ಎಳೆದು ಕೊಟ್ಟುಬಿಡುತ್ತಾರೆ. ಹಾಗಾಗಿ ಅಂಗಡಿಯ ಚಿಂತೆ ನನಗೆ ಇರಲಿಲ್ಲ. ಅಂಗಡಿಗೆ ಹೋಗುವ ದಾರಿಯದೇ ಚಿಂತೆ. ಇವರ ಕಣ್ಣು ಎರಡೂ ಬದಿಯಿಂದ ಮುಚ್ಚುತ್ತ ಬರುತ್ತಿತ್ತು. ಎದುರಿಗೆ ಇದ್ದದ್ದು ಪೈಪಿನೊಳಗಿಂದ ನೋಡಿದ ಹಾಗೆ ಕಾಣುತ್ತಿತ್ತು, ಪಕ್ಕದ್ದು ಇಲ್ಲ, ಕತ್ತಲಾದರೆ ಏನೂ ಇಲ್ಲ. ಡಾಕ್ಟರು ಎರಡು ಮಾತು ಹೇಳಿದ್ದರು. ಇನ್ನು ಗಾಡಿ ಮುಟ್ಟಬೇಡಿ. ಇನ್ನೊಂದು, ಕಾಣುವಷ್ಟು ಕಾಣುತ್ತಿರುವಾಗಲೇ ಓಡಾಡುವ ದಾರಿ ಕಲಿತುಕೊಳ್ಳಿ, ಆಮೇಲೆ ಕಲಿಯುವುದು ಬಹಳ ಕಷ್ಟ.

ನಮ್ಮ ಮನೆ ಇದ್ದದ್ದು ಹೊಳನಗದ್ದೆಯಲ್ಲಿ. ಊರು ಚೆಂದವೇ, ಬೇಡ ಎನ್ನುವುದಿಲ್ಲ. ಆದರೆ ಅಲ್ಲಿಂದ ಪೇಟೆಗೆ ಬರುವ ರಸ್ತೆಗೆ ಅಂಚು ಎಂಬುದೇ ಇಲ್ಲ. ಒಂದು ಕಡೆ ಗದ್ದೆಯ ಕಾಲುವೆ, ಇನ್ನೊಂದು ಕಡೆ ಯಾರದೋ ಪಾಗಾರದ ಗೋಡೆ, ನಡುವೆ ಪ್ರಾಣ ಬಿಟ್ಟು ಓಡುವ ಬೈಕುಗಳು. ನಾನು ಹೊನ್ನಾವರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಊರವರಿಗೆ ಅಕ್ಕೋರು. ಬೆಳಿಗ್ಗೆ ಬಸ್ಸು ಹಿಡಿದರೆ ಮನೆ ಸೇರುವುದು ಸಂಜೆಯೇ. ಇವರನ್ನು ಕರೆದುಕೊಂಡು ಹೋಗಿ ಬರುವವರು ಯಾರು? ಇವರು ಆಚೀಚೆ ಮನೆಯವರ ಬೈಕಿನ ಹಿಂದೆ ಕೂತು ಹೋಗತೊಡಗಿದರು. ಕೇಳಿದವರಿಗೆಲ್ಲ ಗಾಡಿ ರಿಪೇರಿಗೆ ಕೊಟ್ಟಿದ್ದೇನೆ ಎಂದು ಹೇಳುತ್ತಿದ್ದರು. ವಿಮಾನವಾದರೂ ಇಷ್ಟು ಹೊತ್ತಿಗೆ ರಿಪೇರಿ ಆಗುತ್ತಿತ್ತು ಎಂದು ನಾನು ಛೇಡಿಸಿದರೆ ನಗುತ್ತಿದ್ದರು.

ನಗುವುದು ನಿಂತದ್ದು ಒಂದು ಸಂಜೆ. ಬೈಕಿನವರು ಯಾರೂ ಸಿಕ್ಕದೆ ನಡೆದೇ ಬಂದರಂತೆ. ಬಾಗಿಲಿಗೆ ಬಂದಾಗ ಸೊಂಟದವರೆಗೆ ಕೆಸರು, ಮೊಣಕೈಯಲ್ಲಿ ರಕ್ತ. "ಎಮ್ಮೆ ಅಡ್ಡ ಬಂತು" ಎಂದರು. ನನಗೆ ಎಂಥ ಸಿಟ್ಟು ಬಂತೆಂದರೆ, ಬಿಸಿನೀರು ಕಾಯಿಸುತ್ತಲೇ ಬೈದೆ. ಎಮ್ಮೆ ಪಾಪ, ಅದರ ಮೇಲೆ ಯಾಕೆ ಹೊರಿಸುತ್ತೀರಿ ಎಂದೆ. ಇವರು ಕೆಸರು ಬಟ್ಟೆಯಲ್ಲೇ ಬಾಗಿಲ ಬಳಿ ಕೂತರು. ಹಾಗೆ ಕೂತದ್ದು ನನ್ನನ್ನು ಹೆದರಿಸಿತು. ಈ ಮನುಷ್ಯ ಇನ್ನು ಸ್ವಲ್ಪ ದಿನದಲ್ಲಿ ಮನೆಯಿಂದ ಹೊರಗೆ ಹೋಗುವುದನ್ನೇ ಬಿಡುತ್ತಾರೆ, ಜಗಲಿಯ ಮೇಲೆ ಕೂತು ನನ್ನ ಬಸ್ಸಿನ ಹೊತ್ತು ಕಾಯುತ್ತಾರೆ ಎಂದು ಅವತ್ತು ನನಗೆ ಸ್ಪಷ್ಟವಾಗಿ ಕಂಡಿತು. ಪೇಟೆಯಲ್ಲಿ ಮನೆ ಮಾಡಲೇಬೇಕು ಎಂದು ಹಟ ಹಿಡಿದದ್ದು ಆಗ.

ಪೇಟೆಯಲ್ಲಿ ಆದರೆ ಅಂಗಡಿ, ಮಾರ್ಕೆಟ್ಟು, ಚಾ ಹೋಟೆಲು, ಕ್ಷೌರದಂಗಡಿ, ದೇವಸ್ಥಾನ ಎಲ್ಲ ಕಾಲಳತೆಯಲ್ಲಿ. ಗೋಡೆ ಸವರಿಕೊಂಡೇ ಇಡೀ ದಿನ ಕಳೆಯಬಹುದು. ಆದರೆ ಅಲ್ಲಿ ಮನೆ ಸಿಗಬೇಕಲ್ಲ. ಹಳೆ ಕೇರಿಯ ಮನೆಗಳು ಒಂದೋ ಅಣ್ಣತಮ್ಮಂದಿರ ಜಗಳದಲ್ಲಿ ಬೀಗ ಹಾಕಿಕೊಂಡಿರುತ್ತವೆ, ಇಲ್ಲ ಬೆಳಗಾಗುವುದರೊಳಗೆ ಕಾಂಪ್ಲೆಕ್ಸ್ ಆಗಿಬಿಟ್ಟಿರುತ್ತವೆ. ತಿಂಗಳುಗಟ್ಟಲೆ ಅಲೆದೆವು. ಇವರ ಕಣ್ಣು ಕಾಯುತ್ತಿರಲಿಲ್ಲ. ಮೊದಲು ಪೇಪರಿನ ಒಂದು ಸಾಲು ಪೂರ್ತಿ ಕಾಣುತ್ತಿದ್ದವರಿಗೆ ಈಗ ಅರ್ಧ ಸಾಲು ಕಾಣುತ್ತಿತ್ತು.

ಕೊನೆಗೆ ಸಿಕ್ಕಿದ್ದು ಬಾಯಿಯ ಮನೆ. ಕೊಂಕಣಿ ಮನೆತನದ ಹೆಂಗಸರನ್ನು ನಮ್ಮಲ್ಲಿ ಮರ್ಯಾದೆಗೆ ಬಾಯಿ ಎನ್ನುತ್ತಾರೆ. ಈ ಬಾಯಿ ಪೋಸ್ಟಾಫೀಸಿನಲ್ಲಿ ಇದ್ದು ರಿಟೈರ್ ಆದವರು, ಊರಿಗೆಲ್ಲ ಪೋಸ್ಟಿನ ಬಾಯಿ. ಅವರ ಇನ್ನೊಂದು ಬಾಯಿಯೂ ಪೇಟೆಯಲ್ಲಿ ಹೆಸರು ಮಾಡಿತ್ತು. ದಲಾಲಿಗಳನ್ನು ಅಂಗಳದಿಂದಲೇ ಓಡಿಸಿದವರು. ಮದುವೆಯಾಗದೆ ಆ ಉದ್ದನೆಯ ಹಂಚಿನ ಮನೆಯಲ್ಲಿ ತಮ್ಮ ಪಾಡಿಗೆ ತಾವು ಗಟ್ಟಿಯಾಗಿಯೇ ಇದ್ದರು. ಮೊಣಕಾಲು ನೋವು ಶುರುವಾದ ಮೇಲೆ ಭಟ್ಕಳದಲ್ಲಿರುವ ತಂಗಿ, ಮನೆ ಮಾರಿ ಇಲ್ಲಿಗೇ ಬಾ ಎಂದು ಹಟ ಹಿಡಿದಿದ್ದಳಂತೆ. ಕಟ್ಟಡ ಕಟ್ಟಿಸುವವನೊಬ್ಬ ಆಗಲೇ ಭಟ್ಕಳಕ್ಕೇ ಹೋಗಿ ತಂಗಿಯ ತಲೆ ತಿಂದು ಬಂದಿದ್ದ.

ಮನೆಯ ಜಗಲಿ ನೇರ ಬೀದಿಗೇ ಇಳಿಯುತ್ತದೆ. ಬಲಕ್ಕೆ ತಿರುಗಿ ಗೋಡೆ ಹಿಡಿದು ಹೋದರೆ ಮಾರ್ಕೆಟ್ಟು, ಅಲ್ಲಿ ಇವರ ಅಂಗಡಿ. ಅದನ್ನು ನೋಡಿದ ಕೂಡಲೇ ಈ ಮನೆಯೇ ಬೇಕು ಅನ್ನಿಸಿತು. ಮುಖದಲ್ಲಿ ಆಸೆ ತೋರಿಸಬಾರದು ಎಂದು ಮಾಡಿನ ಹಂಚು ನೋಡುತ್ತ ನಿಂತೆ.

"ಮನೆ ಕೆಡಗಿ ಕಾಂಪ್ಲೆಕ್ಸ್ ಕಟ್ಟೂದಿಲ್ಲ ಅಲ್ದ?" ಎಂದು ಬಾಯಿ ಕೇಳಿದರು.

"ಇಲ್ಲಮ್ಮ, ಇರೂಕೇ ಬೇಕು" ಎಂದರು ಇವರು.

"ಹೊಳನಗದ್ದೆಯಂಥಾ ಜಾಗ ಬಿಟ್ಟು ಈ ಗಲಾಟೇಲಿ ಬಂದು ಇರ್ತ್ರಿ? ಎಂತಕೆ?"

ನಾನು ಬಾಯಿ ತೆರೆದೆ. ಇವರು ನನ್ನ ಸೆರಗು ಜಗ್ಗಿದರು. "ಅಂಗಡಿಗೆ ಹತ್ರ ಆತದೆ" ಎಂದಷ್ಟೇ ಹೇಳಿದರು. ಬಾಯಿ ಇವರನ್ನೂ ನನ್ನನ್ನೂ ಒಮ್ಮೆ ನೋಡಿ, ಆತು, ನಮ್ಮ ದೇವರ ಹತ್ತಿರ ಪ್ರಸಾದ ಕೇಳಿ ಹೇಳುತ್ತೇನೆ ಎಂದರು. ತಂಗಿ ಏನು ಹೇಳಿದರೂ ದೇವರ ಮಾತಿನ ಮೇಲೆ ಮಾತಾಡುವುದಿಲ್ಲವಂತೆ.

ಪ್ರಸಾದ ಕೇಳುವುದು ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಭಟ್ಟರು ದೇವರ ಮೂರ್ತಿಯ ಬಲಕ್ಕೊಂದು ಎಡಕ್ಕೊಂದು ಒದ್ದೆ ಹೂವು ಅಂಟಿಸುತ್ತಾರೆ. ಕೇಳುವವರು ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕೈಮುಗಿದು ನಿಲ್ಲುತ್ತಾರೆ. ಬಲದ್ದು ಮೊದಲು ಬಿದ್ದರೆ ಅಪ್ಪಣೆ, ಎಡದ್ದು ಬಿದ್ದರೆ ಬೇಡ. ಗಂಡು ಹೆಣ್ಣು ಕೂಡಿಸುವುದರಿಂದ ಹಿಡಿದು ಬಾವಿ ತೋಡುವವರೆಗೆ ಎಲ್ಲದಕ್ಕೂ ಕೇಳುತ್ತಾರೆ. ನಾನು ಗಣಿತದವಳು, ಮನಸ್ಸಿನಲ್ಲೇ ಹೌದು ಅರ್ಧ, ಬೇಡ ಅರ್ಧ ಎಂದು ಲೆಕ್ಕ ಹಾಕಿಕೊಂಡೆ. ಲೆಕ್ಕ ಹಾಕಿಕೊಂಡವಳೇ ದೇವರ ಗೂಡಿನ ಮುಂದೆ ಹೋಗಿ, ಬಲದ್ದೇ ಬೀಳಿಸಪ್ಪ ಎಂದು ಬೇಡಿಕೊಂಡೆ.

ಬಾಯಿಯ ಫೋನು ಬಂದಾಗ ನಾನು ಸ್ಟಾಫ್‌ರೂಮಿನಲ್ಲಿದ್ದೆ.

"ಅಕ್ಕೋರೆ, ಪ್ರಸಾದ ಆತು. ಬಲಕ್ಕೇ ಬಂತು."

"ಹೌದಾ! ಭಾರಿ ಒಳ್ಳೇದಾತು!" ಎಂದೆ.

ಆಮೇಲೆ, "ದೇವ್ರು ಹೇಳಿದ ಮೇಲೆ ಮತ್ತೆ ಮಾತಿಲ್ಲ, ಅಲ್ದ?" ಎಂದರು.

"ಮತ್ತೆಂತ ಮಾತು ಬಾಯಿ! ಮುಗೀತು."

"ನೀವು ಒಳ್ಳೇ ಜನ" ಎಂದು ಫೋನಿಟ್ಟರು. ಅವರ ದನಿ ಸ್ವಲ್ಪ ಮೆತ್ತಗಾದ ಹಾಗಿತ್ತು. ಹುಟ್ಟಿ ಬೆಳೆದ ಮನೆ ಬಿಡುವ ಸಂಕಟ ಎಂದುಕೊಂಡೆ.

ಆಮೇಲೆ ನಾವು ತಡಮಾಡಲಿಲ್ಲ. ನನ್ನ ಚಿಕ್ಕಪ್ಪನ ಮಗನೊಬ್ಬ ತಮ್ಮ ಕತಗಾಲದಲ್ಲಿದ್ದ, ಸಮುದ್ರದ ಕಡೆ ಒಂದು ಮನೆ ಬೇಕು ಎಂದು ಬಹಳ ದಿನದಿಂದ ಹೇಳುತ್ತಿದ್ದ. ಹೊಳನಗದ್ದೆಯ ಮನೆ ಅವನಿಗೇ ಎಂದು ಮಾತು ಕೊಟ್ಟೆವು. ಅವನು ಮರುದಿನವೇ ಹೆಂಡತಿಯ ಸಮೇತ ಬಂದು ಎಲ್ಲಿ ಮಂಚ, ಎಲ್ಲಿ ಕಪಾಟು ಎಂದು ಟೇಪು ಹಿಡಿದು ಅಳೆಯತೊಡಗಿದ. ಇವರು ಅಂಗಡಿ ಮುಚ್ಚಿದ ಮೇಲೆ ಬೆಳಕಿರುವಾಗಲೇ ಬಾಯಿಯ ಮನೆಯ ಬೀದಿಯಲ್ಲಿ ಓಡಾಡಲು ಶುರು ಮಾಡಿದರು. ಚರಂಡಿಯ ಕಲ್ಲು ಎಲ್ಲಿ ಅಲುಗಾಡುತ್ತದೆ, ಹಿಟ್ಟಿನ ಗಿರಣಿಯ ಸದ್ದು ಎಲ್ಲಿಂದ ಕೇಳುತ್ತದೆ, ಯಾರ ಮನೆಯ ಮೆಟ್ಟಿಲು ಬೀದಿಗೆ ಚಾಚಿದೆ ಎಂದು ರಾತ್ರಿ ಊಟಕ್ಕೆ ಕೂತಾಗ ನನಗೆ ಪಾಠ ಒಪ್ಪಿಸುತ್ತಿದ್ದರು. ಎಷ್ಟೋ ದಿನದ ಮೇಲೆ ಅವರ ಬಾಯಲ್ಲಿ ನಾಳೆ ಎಂಬ ಮಾತು ಬರುತ್ತಿತ್ತು. ನಾನು ಎರಡೆರಡು ಸಲ ಅನ್ನ ಬಡಿಸುತ್ತಿದ್ದೆ.

ಭಾನುವಾರ ತೆಂಗಿನಕಾಯಿ, ಬಾಳೆಹಣ್ಣು, ಮುಂಗಡದ ಲಕೋಟೆ ಹಿಡಿದುಕೊಂಡು ಬಾಯಿಯ ಮನೆಗೆ ಹೋದೆವು. ಬಾಯಿ ಕಾಫಿ ಕೊಟ್ಟರು. ಲಕೋಟೆಯನ್ನು ಅವರ ಮುಂದಿಟ್ಟಾಗ ಹಾವು ಕಂಡವರ ಹಾಗೆ ಕೈ ಹಿಂದೆ ಎಳೆದುಕೊಂಡರು.

"ಇದೆಂತಕೆ ಅಕ್ಕೋರೆ?"

"ಮುಂಗಡ, ಬಾಯಿ. ಪ್ರಸಾದ ಆತಲ್ಲ."

"ಆತು ಅಂದ್ರೆ? ನಾ ಕೇಳಿದ್ದು, ನಾ ಈ ಮನೇಲೇ ಇರ್ಲಾ ಅಂತ. ಬಲಕ್ಕೆ ಬಂತು. ಇರು ಅಂತ ಅಪ್ಪಣೆ ಆತು. ಫೋನಲ್ಲೇ ಹೇಳಿದ್ನಲ್ಲ! ನೀವು ಒಳ್ಳೇದಾತು ಅಂದ್ರಿ!"

ಬಲಕ್ಕೆ ಬಂತು ಎಂದದ್ದೇ ಸಾಕು, ನಮಗೇ ಹೌದು ಎಂದು ತಿಳಿದು ಕುಣಿದುಬಿಟ್ಟಿದ್ದೆ. ಪ್ರಶ್ನೆ ಏನಿತ್ತು ಎಂದು ಕೇಳಿರಲಿಲ್ಲ. ಉತ್ತರ ಬರೆಯುವ ಮೊದಲು ಪ್ರಶ್ನೆ ಓದಿ ಎಂದು ಮಕ್ಕಳಿಗೆ ದಿನಾ ಬೈಯುವವಳು ನಾನು. ಈಗ ಈ ಮನೆಯೂ ಇಲ್ಲ, ಆ ಮನೆಯನ್ನು ತಮ್ಮನಿಗೆ ಕೊಟ್ಟಾಗಿದೆ. ಅವನ ಹೆಂಡತಿ ಪರದೆಗೆ ಬಟ್ಟೆ ಸಹ ಕೊಂಡಾಗಿತ್ತು.

"ಕೊಡೂದಿಲ್ಲ ಅಂತ ನೆಟ್ಟಗೆ ಹೇಳೂಕೆ ಎಂತ ಆಗಿತ್ತು ನಿಮ್ಗೆ?" ಎಂದು ಕೂಗಿದೆ. ಹಿರಿಯರು ಎಂದು ನೋಡಲಿಲ್ಲ. "ಇರ್ಲಾ, ಹೋಗ್ಲಾ ಅಂತ ಒಗಟು ಮಾಡೂದು ಎಂತಕೆ?"

"ನನ್ನ ದೇವ್ರು, ನನ್ನ ಪ್ರಶ್ನೆ. ಹೇಗೆ ಬೇಕಾದ್ರೂ ಕೇಳ್ತೆ!" ಬಾಯಿಯೂ ಬಿಡಲಿಲ್ಲ.

ಪಕ್ಕದ ಮನೆಯ ಕಿಟಕಿ ತೆರೆದ ಸದ್ದು ಕೇಳಿತು. "ನಿಮ್ಗೆ ಗೊತ್ತಿಲ್ಲ ಬಾಯಿ, ಇವರಿಗೆ..." ಎಂದು ನಾನು ಶುರು ಮಾಡುವುದರೊಳಗೆ ಇವರು ನನ್ನ ಕೈ ಹಿಡಿದು ಅಮುಕಿದರು. ಉಗುರು ಊರುವ ಹಾಗೆ ಅಮುಕಿದರು. ಅವತ್ತು ನನ್ನ ಗಂಡನ ಮೇಲೆ ಬಂದಷ್ಟು ಸಿಟ್ಟು ನನಗೆ ಯಾವತ್ತೂ ಯಾರ ಮೇಲೂ ಬಂದಿಲ್ಲ. ಮನೆ ಹೋಗಲಿ, ಬದುಕು ಹೋಗಲಿ, ಹೆಸರು ಕೆಡಬಾರದು. ಎಂಥ ದೊಡ್ಡ ಹೆಸರು ಇದು, ಹಗ್ಗದ ಅಂಗಡಿಯದು!

ಇವರು ನಿಧಾನಕ್ಕೆ ಎದ್ದರು. "ಹೋಗ್ವಾ. ಅವ್ರ ಮನೆ, ಅವ್ರ ಇಷ್ಟ" ಎಂದು ಒಂದು ಹೆಜ್ಜೆ ಇಟ್ಟರು. ಬಾಯಿ ಪಕ್ಕದಲ್ಲಿ ಇಟ್ಟಿದ್ದ ಕಾಫಿಯ ತಟ್ಟೆ ಇವರ ಕಾಲಿಗೆ ತಾಗಿ, ಲೋಟಗಳೆಲ್ಲ ನೆಲದ ತುಂಬ ಉರುಳಿದವು. ಹೆಕ್ಕಲು ಬಗ್ಗಿದರು. ಒಂದು ಲೋಟ ಇವರ ಮೊಣಕಾಲಿನ ಪಕ್ಕದಲ್ಲೇ ಬಿದ್ದಿತ್ತು. ಇವರ ಕೈ ಅದನ್ನು ಬಿಟ್ಟು ಸುತ್ತಲೂ ನೆಲ ತಡವುತ್ತಿತ್ತು. ನಾನು ಎತ್ತಿಕೊಡಲು ಹೋಗಲಿಲ್ಲ. ಬಾಯಿ ನೋಡುತ್ತಿದ್ದರು.

ಇವರು ತಡವುವುದನ್ನು ನಿಲ್ಲಿಸಿ, ಒದ್ದೆ ನೆಲದ ಮೇಲೆ ಹಾಗೇ ಕೂತುಬಿಟ್ಟರು.

"ನಂಗೆ ಕಣ್ಣು ಹೋಗ್ತಾ ಅದೆ ಅಮ್ಮ" ಎಂದರು. "ಪೂರ್ತಿ ಹೋಗೂಕೆ ಮೊದ್ಲು ಈ ದಾರಿ ಕಲ್ತ್ಕಂಬ ಅಂದಿದ್ದೆ. ಇಲ್ಲಿಂದ ಆದ್ರೆ ಯಾರ ಕೈಯೂ ಬೇಡ, ನಾನೇ ಅಂಗಡಿಗೆ ಹೋಗ್ಲಕ್ಕು."

ಆ ಮಾತನ್ನು ಅವರು ಇನ್ನೊಬ್ಬರ ಮುಂದೆ ಹೇಳಿದ್ದು ಅದೇ ಮೊದಲು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಬಾಯಿ ಮರುಗುತ್ತಾರೆ, ಅಯ್ಯೋ ಪಾಪ ಎನ್ನುತ್ತಾರೆ, ಇವರು ಅದಕ್ಕೆ ಇನ್ನಷ್ಟು ಕುಗ್ಗುತ್ತಾರೆ ಎಂದು ನಾನು ಹೆದರಿದ್ದೆ. ಆದರೆ ಬಾಯಿಗೆ ಬಂದದ್ದು ಕೆಂಡದಂಥ ಸಿಟ್ಟು.

"ಇದನ್ನ ಮೊದ್ಲೇ ಹೇಳೂಕೆ ಎಂತ ರೋಗ ನಿಮ್ಗೆ? ಎಂತಕೆ ಬೇಕು ಮನೆ ಅಂತ ನಾ ಬಾಯಿಬಿಟ್ಟು ಕೇಳಿದ್ದೆ. ಅಂಗಡಿಗೆ ಹತ್ರ ಅಂದ್ರಿ! ಅರ್ಧ ಕತೆ ಹೇಳಿ ನನ್ನ ದೇವ್ರ ಹತ್ರ ಕಳ್ಸಿದ್ರಿ! ಗೊತ್ತಿದ್ರೆ ನಾ ಬೇರೇನೇ ಕೇಳ್ತಿದ್ದೆ."

"ಈಗ ಕೇಳಿ" ಎಂದೆ.

"ಕೇಳಿ ಆದ್ದನ್ನ ಮತ್ತೆ ಕೇಳೂಕಾಗ್ತದಾ? ದೇವ್ರು ಅಂದ್ರೆ ಎಂತ ತಿಳ್ಕಂಡ್ರಿ, ಅಂಗಡಿಯೋರಾ?" ಎಂದು ಒಳಗೆ ಹೋದರು. ನೆಲ ಒರೆಸುವ ಬಟ್ಟೆ ತಂದು ನನ್ನ ಕೈಗೆ ಕೊಟ್ಟರು. ನಾನು ಒರೆಸಿದೆ. ಇವರು ಗೋಡೆಗೆ ಒರಗಿ ಕೂತಿದ್ದರು. ಬಾಯಿ ತಮ್ಮ ಉದ್ದನೆಯ ಮನೆಯನ್ನು ಜಗಲಿಯಿಂದ ಹಿತ್ತಲಿನವರೆಗೆ ಮೊದಲ ಸಲ ನೋಡುವವರ ಹಾಗೆ ನೋಡುತ್ತಿದ್ದರು. ಅವರು ಮಾತಾಡುವವರೆಗೆ ನಾನು ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದೆ.

"ನಾ ಎಂತ ಕೇಳಿದ್ದು? ಈ ಮನೇಲೇ ಇರ್ಲಾ ಅಂತ" ಎಂದು ಕೊನೆಗೆ ತಮ್ಮಷ್ಟಕ್ಕೇ ಹೇಳಿಕೊಂಡರು. "ಇರು ಅಂದ. ಮಾರಬೇಡ ಅಂದನಾ? ಅದನ್ನ ನಾ ಕೇಳಲೇ ಇಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಹಿತ್ಲ ಕಡೆ ಕೋಣೆ, ಬಾವಿಕಟ್ಟೆ ನಂಗೆ. ಸಾಯೂ ತನಕ. ಮುಂದಿನದೆಲ್ಲ ನಿಮ್ಗೆ. ಅಡುಗೆ ಬೇರೆ ಬೇರೆ, ನಂಗೆ ನಿಮ್ಮ ಸಾರು ಆಗೂದಿಲ್ಲ."

ಇವರು ಕೈಮುಗಿದರು. ಬಾಯಿ ಇದ್ದದ್ದು ಎಡಕ್ಕೆ, ಇವರು ಮುಗಿದದ್ದು ಸ್ವಲ್ಪ ಬಲಕ್ಕೆ. "ಅಮ್ಮ, ಪೇಟೇಲಿ ಯಾರ ಹತ್ರವೂ..." ಎಂದರು.

"ಈ ಪೇಟೆ ಕಾಗ್ದ ಎಲ್ಲ ನನ್ನ ಕೈ ದಾಟಿಯೇ ಹೋಗಿದ್ದು. ಒಂದು ಸುದ್ದಿ ನನ್ನಿಂದ ಹೊರಗೆ ಬಂದದ್ದು ಕೇಳಿದ್ರಾ?"

ಆದರೂ ಆತಂಕ ಮುಗಿಯಲಿಲ್ಲ. ಮನೆಯ ಕಾಗದದಲ್ಲಿ ತಂಗಿಯ ಹೆಸರೂ ಇತ್ತು. ಅವಳ ಸಹಿ ಇಲ್ಲದೆ ಏನೂ ಆಗುವಂತಿರಲಿಲ್ಲ. ಬಾಯಿಯನ್ನು ಕರೆದುಕೊಂಡು ನಾನೇ ಭಟ್ಕಳಕ್ಕೆ ಹೋದೆ. ತಂಗಿ ಕೊಂಕಣಿಯಲ್ಲಿ ಅಕ್ಕನನ್ನು ಹಿಗ್ಗಾಮುಗ್ಗಾ ಬೈದಳು. ಕಟ್ಟಡದವನು ಹೆಚ್ಚು ಕೊಡುತ್ತಾನೆ, ಈ ವಯಸ್ಸಿನಲ್ಲಿ ಇನ್ನೊಬ್ಬರ ಮನೆಯ ಮೂಲೆಯಲ್ಲಿ ಬಿದ್ದಿರುತ್ತೀಯಾ ಎನ್ನುತ್ತಿದ್ದಳು. ಕುಮಟೆಯ ಕಡೆಯವರಿಗೆ ಕೊಂಕಣಿ ತಿಳಿಯುವುದಿಲ್ಲ ಎಂದು ಯಾರು ಹೇಳಿದರು? ಎಲ್ಲ ತಿಳಿಯುತ್ತಿತ್ತು, ತಿಳಿಯದವಳ ಹಾಗೆ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೆ. ಕಣ್ಣಿನ ಸುದ್ದಿ ಹೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಬಾಯಿ ಹೇಳಲಿಲ್ಲ. "ಪ್ರಸಾದ ಜಾಲ್ಲಾ" ಎಂದರು, ಪ್ರಸಾದ ಆಗಿದೆ ಎಂದು ಅಷ್ಟೇ. ತಂಗಿ ತಟಕ್ಕನೆ ಬಾಯಿ ಮುಚ್ಚಿದಳು. ಯಾವ ಪ್ರಶ್ನೆಗೆ ಎಂದು ಅವಳೂ ಕೇಳಲಿಲ್ಲ.

ಮನೆ ನಮ್ಮದಾಯಿತು. ಸಾಮಾನು ಸಾಗಿಸಿದ ಮರುದಿನ ಬೆಳಿಗ್ಗೆ ಇವರು ಅಂಗಡಿಯ ಕೀಲಿಕೈ ಜೇಬಿಗೆ ಹಾಕಿಕೊಂಡು ಜಗಲಿಗೆ ಬಂದರು. ನಾನೂ ಚಪ್ಪಲಿ ಮೆಟ್ಟಿದೆ.

"ನೀ ಎಲ್ಲಿಗೆ?"

"ಇವತ್ತೊಂದಿನ ನಾನೂ ಬತ್ತೆ."

"ಬೇಡ" ಎಂದರು. ದನಿಯಲ್ಲಿ ಕೋಪ ಇರಲಿಲ್ಲ.

ಮೆಟ್ಟಿಲಿಳಿದು ಬಲಕ್ಕೆ ತಿರುಗಿದರು. ಬೆರಳ ತುದಿ ಗೋಡೆಗೆ ತಾಗಿಯೂ ತಾಗದ ಹಾಗೆ ಇತ್ತು. ಚಾಚಿದ ಮೆಟ್ಟಿಲಿನ ಹತ್ತಿರ ನಾನು ಉಸಿರು ಬಿಗಿಹಿಡಿದೆ. ಅವರು ಅದನ್ನು ಬಳಸಿ ದಾಟಿದರು. ಮೀನಿನ ಹೆಂಗಸೊಬ್ಬಳು ಬೀದಿಯ ಅಂಚಿಗೆ ಬುಟ್ಟಿ ಇಳಿಸುತ್ತಿದ್ದವಳು, ಅವರು ಬರುವುದನ್ನು ಕಂಡು ಮಾತಿಲ್ಲದೆ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. ಅವಳಿಗೆ ಗೊತ್ತಿತ್ತೋ ಏನೋ. ಅಂಗಡಿಯ ಶಟರ್ ಎತ್ತಿದ ಸದ್ದು ನಮ್ಮ ಜಗಲಿಯವರೆಗೂ ಕೇಳಿತು.

"ಅಕ್ಕೋರೆ, ನಿಮ್ಮ ಹೊನ್ನಾವರ ಬಸ್ಸು ಹೋಗೂಕಾತು" ಎಂದು ಬಾಯಿ ಒಳಗಿಂದ ಕೂಗಿದರು.

ನಾನು ಜಗಲಿಯ ಮೇಲೆ ಕೂತು ಅಳುತ್ತಿದ್ದೆ. ಹೊಳನಗದ್ದೆಯ ಮನೆ ಬಿಟ್ಟು, ತಮ್ಮನಿಗೆ ಮಾತು ಕೊಟ್ಟು, ಹಿರಿಯರ ಮೇಲೆ ಕೂಗಾಡಿ, ಭಟ್ಕಳದವರೆಗೆ ಅಲೆದು ನಾನು ಇಷ್ಟೆಲ್ಲ ಮಾಡಿದ್ದು ಈ ಮನುಷ್ಯನಿಗೆ ನನ್ನ ಕೈ ಬೇಡವಾಗಲಿ ಎಂದೇ. ಆ ಬೆಳಿಗ್ಗೆ ಅದು ಬೇಡವಾಯಿತು. ಸಂತೋಷವೂ ಆಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಚಪ್ಪಲಿ ಮೆಟ್ಟಿದ್ದ ಕಾಲು ಏಳಲೊಲ್ಲದು. ಅವತ್ತಿನ ಬಸ್ಸು ತಪ್ಪಿತು.